ಕಲ್ಲಿನ ಜಬಾನಿ

ಮೂವತ್ತೊಂದು ವರ್ಷ ವಿಜಯಪುರದ ಕೋರ್ಟಿನಲ್ಲಿ
ಮಂದಿ ಹೇಳಿದ್ದನ್ನು ಟೈಪು ಮಾಡಿದವ ನಾನು.
ಕಂಡೆ ಅಂದರೆ ಕಂಡೆ, ಕೇಳಿದೆ ಅಂದರೆ ಕೇಳಿದೆ,
ಒಂದಕ್ಕೊಂದು ಬೆರೆಯದಂತೆ ಬೆರಳು ಕಾಯ್ದವು.

ಈಸ್ಟರಿನ ನಸುಕು. ಸಿಮೆಟ್ರಿಯ ಬೇವಿನಡಿ
ಸಭೆ ಮೇಣಬತ್ತಿ ಹಿಡಿದು ನಿಂತಿದೆ.
ಹೂ ಉದುರಿ ಯಾರದೋ ಗೋರಿ ಬೆಳ್ಳಗಾಗಿದೆ.
ಎದ್ದನೆಂದು ಸಾರುತ್ತಾರೆ ಸಭಾಪಾಲಕ ಪ್ರಭುದಾಸ ಹಂಚಿನಮನಿ.
ಹೌದೆನ್ನುತ್ತಾರೆ ಎಲ್ಲರೂ. ನನ್ನ ನಾಲಿಗೆ ಮಾತ್ರ
ಹಳೇ ಚಾಳಿ ಬಿಡದೆ ಕೇಳುತ್ತದೆ:
ಕಂಡವರು ಯಾರು?

ಮೊದಲ ಸಾಕ್ಷಿ ಬಂದದ್ದೇ ನಲವತ್ತು ವರ್ಷ ತಡವಾಗಿ.
ಗೋರಿಗೆ ಹೋದ ಹೆಂಗಸರು ಹೆದರಿ ಓಡಿದರು,
ಯಾರ ಮುಂದೂ ಬಾಯಿ ಬಿಡಲಿಲ್ಲ, ಅಂದು ಕಟ್ಟೆ ಇಳಿದ.
ಬಿಡದಿದ್ದರೆ, ಮಹರಾಯ, ನಿನಗೆ ಹೇಗೆ ಗೊತ್ತು?
ಆಮೇಲೆ ಬೇರೆ ಯಾವುದೋ ಕೈ
ಅವನ ಜಬಾನಿಯ ತುದಿಗೆ ಇನ್ನಷ್ಟು ಸಾಲು ಹೊಲಿದಿದೆ.
ಎರಡನೆಯವ ಭೂಕಂಪ ತಂದ, ಕಾವಲುಗಾರರನ್ನು ತಂದ.
ಅವರು ಮಲಗಿದ್ದಾಗ ಶಿಷ್ಯರು ಹೆಣ ಕದ್ದರು
ಎಂದು ಊರಲ್ಲಿ ಗುಲ್ಲಂತೆ. ನಿದ್ದೆಹೋದವ
ಕಳ್ಳನ ಗುರುತು ಹಿಡಿದದ್ದು ಹೇಗೆ?
ನ್ಯಾಯವಾಗಿ ಹೇಳಬೇಕು: ಕಳವಿನ ಕೇಸೂ ಬಿತ್ತು.

ಒಳಗಿದ್ದದ್ದು ಒಬ್ಬ ತರುಣ. ಅಲ್ಲ, ಹೊರಗೆ ಒಬ್ಬ ದೂತ.
ಅಲ್ಲ, ಇಬ್ಬರು.
ಎಲ್ಲಕ್ಕೂ ಹಳೆಯದೊಂದು ಕಾಗದವಿದೆ,
ಐನೂರು ಮಂದಿ ಒಮ್ಮೆಗೇ ಕಂಡರು ಎನ್ನುತ್ತದೆ.
ಹೆಸರಿಲ್ಲ, ಊರಿಲ್ಲ,
ಒಬ್ಬರಿಗೂ ಸಮನ್ಸ್ ಮುಟ್ಟಿಸಲಾಗದು.
ಖಾಲಿ ಗೋರಿಯ ಸುದ್ದಿಯನ್ನೇ ಎತ್ತುವುದಿಲ್ಲ ಅದು.

"ಫರಕು ಇದ್ರನ ಖರೆ ಸಾಕ್ಷಿ ಅಂತ
ನೀವ ಹೇಳ್ತಿದ್ರಲ್ರೀ," ಅಂದರು ಪಾಲಕರು ಒಮ್ಮೆ,
ಬಸಿಯಲ್ಲಿ ಚಹಾ ಊದುತ್ತ.
ಹೌದು, ಹೇಳುತ್ತಿದ್ದೆ. ನಾಲ್ವರೂ ಒಂದೇ ಮಾತಾಡಿದರೆ
ಅದು ವಕೀಲ ಕಲಿಸಿದ ಪಾಠ.
ಇಲ್ಲಿ ಎರಡನೆಯವ, ಮೂರನೆಯವ
ಮೊದಲಿನವನ ಕಾಗದ ಮುಂದಿಟ್ಟುಕೊಂಡೇ ಬರೆದ ಹಾಗಿದೆ,
ಫರಕು ಕೂಡ ಅದರ ಅಂಚಿನಲ್ಲೇ ಹುಟ್ಟಿದ್ದು.

ಹುಡುಗನಿದ್ದಾಗ ಗೋಳಗುಮ್ಮಟ ಹತ್ತಿ
ಒಮ್ಮೆ ಚಪ್ಪಾಳೆ ತಟ್ಟಿದೆ. ಏಳು ಸಲ ಮರಳಿತು.
"ಎಷ್ಟ್ ಮಂದಿ ತಟ್ಟಿದ್ರು?" ಅಪ್ಪ ಕೇಳಿದ.
ಬೆರಳು ಎಣಿಸುತ್ತ ನಿಂತೆ.
ಕೆಳಗೆ, ಕಟ್ಟೆಯ ಮೇಲಿನ ಗೋರಿಗಳಲ್ಲಿ ಯಾರೂ ಇಲ್ಲ,
ಮಲಗಿದವರು ಇನ್ನೂ ಕೆಳಗೆ, ನೆಲಮಾಳಿಗೆಯಲ್ಲಿ.
ಖಾಲಿ ಗೋರಿ ನಮ್ಮೂರಿಗೆ ಹೊಸದಲ್ಲ.

ಇಷ್ಟೆಲ್ಲ ಆಡುವ ನಾನು.
ಹನ್ನಾ ಹೋದ ಒಂಬತ್ತನೆಯ ರಾತ್ರಿ, ಕರೆಂಟು ಹೋದಾಗ,
ಹರವಿಯ ಹತ್ತಿರ ನಿಂತು ಕೇಳಿದಳು:
"ಗುಳಿಗಿ ತಗೊಂಡ್ರೋ ಇಲ್ಲೋ?"
ಬೆಳಿಗ್ಗೆ ತಾರೀಖು, ವೇಳೆ ಹಾಕಿ ಬರೆದಿಟ್ಟೆ. ಒಂದೇ ಸಾಲು.
ನಾದಿನಿ ತಬಿತಾಳಿಗೂ ಅಷ್ಟೇ ಹೇಳಿದ್ದು.
ವರ್ಷದ ಪ್ರಾರ್ಥನೆಯ ಹೊತ್ತಿಗೆ ಅವಳ ಬಾಯಲ್ಲಿ
ಹನ್ನಾ ಬಿಳಿ ಸೀರೆ ಉಟ್ಟಿದ್ದಳು.
ಎರಡನೆಯ ವರ್ಷ ಮಲ್ಲಿಗೆ ವಾಸನೆ ಬಂತು,
ಕೋಣೆಯೊಳಗೆ ಇನ್ನಿಬ್ಬರು ಬಂದರು,
ಅವರಲ್ಲೊಬ್ಬ ಆ ರಾತ್ರಿ ಸಿಂದಗಿಯಲ್ಲಿದ್ದ.
ನಾನು ತಿದ್ದಲಿಲ್ಲ. ಕೇಳುತ್ತ ಕೂತೆ.
ಇನ್ನೊಮ್ಮೆ ಹೇಳಲಿ ಅನಿಸಿತು.

ಪಾಟೀಸವಾಲಿಗೆ ನಾನು ನಿಲ್ಲುವವನಲ್ಲ:
ಕತ್ತಲೆ, ಮುಪ್ಪು, ವಾರದಿಂದ ನಿದ್ದೆಯಿಲ್ಲ.
ಆದರೂ ಆಣೆಯಿಟ್ಟು ಅನ್ನುತ್ತೇನೆ, ಕಂಡೆ.
ಅವರೂ ಹೀಗೇ ಕಂಡಿರಬಹುದು. ಸುಳ್ಳರೇನಲ್ಲ.

ಸಭೆ ಕರಗಿದೆ. ಅವಳ ಕಲ್ಲಿನ ಮುಂದೆ ಕೂತಿದ್ದೇನೆ.
ತಾಳಿಕೋಟೆಯ ಕೆತ್ತುವವ
ಹದಿನಾಲ್ಕನ್ನು ಹನ್ನೊಂದು ಮಾಡಿಟ್ಟಿದ್ದಾನೆ,
ತಿದ್ದಲಿಕ್ಕೆ ಎರಡು ಸಾವಿರ ಕೇಳಿದ.
ನನ್ನ ಚೀಟಿ ಗೆದ್ದಲಿಗೆ ಹೋಗುತ್ತದೆ,
ನಾಳೆ ಬಂದವರು ನಂಬುವುದು ಇದನ್ನೇ.
ಕಲ್ಲಿನ ಪ್ರಕಾರ, ಸತ್ತ ಮೇಲೂ ಮೂರು ದಿನ
ಅವಳು ನನ್ನೊಡನೆ ಮಾತಾಡಿದ್ದಾಳೆ,
ಮೂರನೆಯ ದಿನ ಒಂದು ತುತ್ತು ಉಂಡು
ಸಾರಿಗೆ ಉಪ್ಪು ಕಮ್ಮಿ ಅಂದಿದ್ದಾಳೆ.