ರೆಕ್ಕೆ ಓರೆ

ಮೈಕಿನ ಗುಂಡಿ ಒತ್ತಿದರೆ ನನಗೆ ದನಿ ಬರುತ್ತದೆ.
ಪ್ರಯಾಣಿಕರ ಗಮನಕ್ಕೆ,
ಹೊಸದುರ್ಗದ ಬಸ್ಸು ಅಂಕಣ ನಾಲ್ಕು,
ಚಳ್ಳಕೆರೆ ಮಾರ್ಗವಾಗಿ ಬಳ್ಳಾರಿ, ಅಂಕಣ ಏಳು,
ಪರ್ಸು ಜೋಪಾನ, ಮಕ್ಕಳು ಜೋಪಾನ.
ಹನ್ನೊಂದು ವರ್ಷದಿಂದ ದುರ್ಗದ ಬಸ್‌ಸ್ಟ್ಯಾಂಡಿನಲ್ಲಿ
ಯಾರು ಎಲ್ಲಿ ನಿಲ್ಲಬೇಕೆಂದು ಹೇಳುತ್ತ ಬಂದವಳು.
ಗುಂಡಿ ಬಿಟ್ಟರೆ
ಗಂಟಲಲ್ಲಿ ಒದ್ದೆ ಹತ್ತಿ.

ಮನೆಯ ಸಿಂಕಿನಲ್ಲಿ ಮೂರು ದಿನದ ಟಿಫಿನ್ ಡಬ್ಬಿ.
ಮುಚ್ಚಳ ತೆಗೆಯಲು ಭಯ. ವಾಸನೆಗಲ್ಲ,
ಅದರೊಳಗಿನ ಸೋಮವಾರಕ್ಕೆ.

ಅತ್ತಿಗೆ ತಿಪ್ಪಕ್ಕ ಬಂದಳು, ಒಣಮೆಣಸಿನಕಾಯಿ ನಿವಾಳಿಸಿ
ಬೆಂಕಿಗೆ ಹಾಕಿದಳು. ಇಬ್ಬರೂ ಕೆಮ್ಮಿದೆವು.
"ಘಾಟು ಬಂತಲ್ಲ, ದೃಷ್ಟಿ ಅಲ್ಲ ಬಿಡು" ಅಂದಳು,
ಸ್ವಲ್ಪ ನಿರಾಸೆಯಿಂದಲೇ.
"ಉಂಡ್ಕಂಡು ತಿಂದ್ಕಂಡು ಅದೀಯ, ತಿಂಗ್ಳಾದ್ರೆ ಸಂಬ್ಳ ಬರ್ತೈತೆ,
ಇನ್ನೇನಾಗೈತೆ ನಿಂಗೆ?"
ನನ್ನ ಪ್ರಶ್ನೆಯೂ ಅದೇ.

ನಿದ್ದೆ ಎರಡಕ್ಕೇ ಎದ್ದು ಹೋಗುತ್ತದೆ, ಚಪ್ಪಲಿ ಕೂಡ ಹಾಕದೆ.
ನಾನು ಮಹಡಿ ಹತ್ತುತ್ತೇನೆ.
ಜೋಗಿಮಟ್ಟಿ ಕಡೆಯ ಗುಡ್ಡದ ಸಾಲಿನುದ್ದಕ್ಕೂ
ಫ್ಯಾನುಗಳ ಕೆಂಪು ದೀಪ
ಒಟ್ಟಿಗೆ ಹತ್ತಿ ಒಟ್ಟಿಗೆ ಆರುತ್ತವೆ.
ಎಣಿಸಿದರೆ ಇಪ್ಪತ್ಮೂರು. ಮತ್ತೆ ಎಣಿಸಿದರೆ ಇಪ್ಪತ್ತೊಂದು.
ಕತ್ತಲಲ್ಲಿ ಎರಡು ಕಳೆದವಳು
ಬೆಳಗಿನವರೆಗೂ ಆ ಎರಡಕ್ಕೆ ಹೊಣೆ.

ಕೆಳಮನೆಯ ಓಬಳೇಶ ಫ್ಯಾನಿನ ಕೆಲಸದವನು,
ಕಂಬದೊಳಗಿನ ಏಣಿ ಹತ್ತಿ
ಮೋಡದ ಮಟ್ಟದಲ್ಲಿ ಗ್ರೀಸು ಹಚ್ಚಿ ಇಳಿಯುವವನು.
ಒಂದು ಬೆಳಗ್ಗೆ ನಲ್ಲಿಯಲ್ಲಿ ಕೊಡ ತುಂಬಿ ಹರಿಯುತ್ತಿತ್ತು,
ನಾನು ನೋಡುತ್ತಲೇ ಇದ್ದೆ.
ಅವನೇ ನಲ್ಲಿ ತಿರುಗಿಸಿದ. ಏನೂ ಕೇಳಲಿಲ್ಲ.
ಏನಾದರೂ ಆಡಬೇಕಲ್ಲ ಎಂದು ನಾನೇ ಕೇಳಿದೆ:
ನಿನ್ನೆ ಅಷ್ಟು ಗಾಳಿ, ನಿಮ್ಮ ಫ್ಯಾನು ಯಾಕೆ ನಿಂತಿದ್ದವು?
"ಅದುಕ್ಕೇ ಅಕ್ಕ. ಗಾಳಿ ಇಲ್ದಿದ್ರೂ ನಿಲ್ತವೆ,
ಜಾಸ್ತಿ ಆದ್ರೂ ನಿಲ್ತವೆ.
ರೆಕ್ಕೆ ಓರೆ ಮಾಡ್ಕಂತವೆ, ಗಾಳಿ ಹಂಗೇ ಪಕ್ಕದಾಗೆ ಹೋಗ್ತೈತೆ.
ಇಲ್ಲಾಂದ್ರೆ ಕಂಬನೇ ಮುರೀತೈತೆ."
ಕಂಪನಿಯವರು ಬೈಯಲ್ಲವಾ?
"ಬೈಯೋದ್ಯಾಕೆ? ಮಾಡಿರಾದೇ ಹಂಗೆ."

ಮಾಡಿರಾದೇ ಹಂಗೆ.
ಅವತ್ತು ಹಿರಿಯೂರು ಬಸ್ಸನ್ನು ಎರಡು ಸಲ ಕೂಗಿ
ಗುಂಡಿ ಬಿಡುವುದನ್ನೇ ಮರೆತೆ.
ಸ್ಟ್ಯಾಂಡಿನ ತುಂಬ ನನ್ನ ಉಸಿರು ಕೇಳಿಸಿತಂತೆ.
ಕಡಲೆಕಾಯಿ ನಿಂಗಮ್ಮ ಕಿಟಕಿಗೆ ಬಂದು
"ಏನವ್ವ, ಮೈಕಾಗೆ ನಿಟ್ಟುಸ್ರು ಬಿಡ್ತೀಯ" ಎಂದು
ಒಂದು ಹಿಡಿ ಕಡಲೆಕಾಯಿ ರಿಜಿಸ್ಟರಿನ ಮೇಲೆ ಸುರಿದುಹೋದಳು.

ಜಿಲ್ಲಾಸ್ಪತ್ರೆಯಲ್ಲಿ ಯಾರಾದರೂ ಕಂಡರೆ
ಹಲ್ಲುನೋವು ಎನ್ನಬೇಕೆಂದುಕೊಂಡಿದ್ದೆ.
ಕಂಡವನು ನಮ್ಮ ಡಿಪೋದ ಕಂಡಕ್ಟರ್ ಪಾಲಯ್ಯ.
ನಾನು ಬಾಯಿ ತೆರೆಯುವ ಮೊದಲೇ
"ಹಲ್ಲುನೋವು ಮೇಡಂ" ಅಂದ.
ಮಾನಸಿಕ ಆರೋಗ್ಯ ವಿಭಾಗವೆಂಬ ಬೋರ್ಡಿನಡಿ, ಒಂದೇ ಬೆಂಚಿನಲ್ಲಿ,
ಇಬ್ಬರೂ ಹಲ್ಲು ಬಿಟ್ಟು ನಕ್ಕೆವು.
ಆಮೇಲೆ ಅವನು ಬಹಳ ಹೊತ್ತು
ತನ್ನ ಟೋಕನ್ನನ್ನೇ ಮಡಿಸುತ್ತ ಕೂತ.

ಡಾಕ್ಟರು ನನಗಿಂತ ಚಿಕ್ಕವರು. ಯಾವಾಗಿಂದ? ಅಂದರು.
ತಾರೀಖು ಗೊತ್ತಿರಲಿಲ್ಲ.
ಹೇಗನಿಸುತ್ತದೆ? ಅಂದರು.
ಮೈಕಿಲ್ಲದೆ ನನಗೆ ಮಾತು ಬರುವುದಿಲ್ಲ.
ಮೇಜಿನ ಅಂಚನ್ನು ಹೆಬ್ಬೆರಳಿಂದ ಒತ್ತಿ ಹಿಡಿದೆ,
ಅದೇ ಗುಂಡಿ ಎಂದುಕೊಂಡು.
ಡಬ್ಬಿಯಿಂದ ಶುರು ಮಾಡಿದೆ.

ರಾತ್ರಿ ಒಂದು ಮಾತ್ರೆ ಇದೆ. ಹದಿನೈದು ದಿನಕ್ಕೊಮ್ಮೆ
ಆ ಮೇಜಿನ ಅಂಚು ಇದೆ.
ನಿನ್ನೆ ಎಚ್ಚರವಾದದ್ದು ಎರಡಕ್ಕಲ್ಲ, ನಾಲ್ಕಕ್ಕೆ.
ದೀಪ ಎಣಿಸಲಿಲ್ಲ. ಎಷ್ಟಿವೆಯೋ ಅಷ್ಟಿರಲಿ.
ಸಿಂಕಿನಲ್ಲಿ ಮತ್ತೆ ಮೂರು ದಿನದ ಡಬ್ಬಿ ಸೇರಿತ್ತು.
ಮೇಲಿನದನ್ನು ತೊಳೆದೆ.
ಕೆಳಗಿನದಕ್ಕೆ ನೀರು ತುಂಬಿ
ನೆನೆಯಲು ಬಿಟ್ಟೆ.