ಎರಡನೇ ಕೌಂಟರು

ಬಜ್ಪೆಯ ಎರಡನೇ ಕೌಂಟರಿನ ತಕ್ಕಡಿ
ಏನೂ ಇಡದಾಗ ಸೊನ್ನೆ ತೋರಿಸುತ್ತಿರಲಿಲ್ಲ.
ಸೊನ್ನೆಗಿಂತ ಒಂದು ಕಿಲೋ ಕೆಳಗೆ
ಕೆಂಪಗೆ ಮಿಣುಕುತ್ತಿತ್ತು,
ಹುಟ್ಟುವ ಮೊದಲೇ ಸಾಲ ಮಾಡಿಕೊಂಡವರ ಹಾಗೆ.

ರಿಪೇರಿಗೆ ಬರೆದಿದ್ದೆವು. ಮುಂಬಯಿಯಿಂದ ಮೂರು ಸಲ
ಉತ್ತರ ಬಂತು, ವಿಷಯ ಪರಿಶೀಲನೆಯಲ್ಲಿದೆ.
ನಾಲ್ಕನೇ ಸಲ ಬರೆಯುವುದು ಬೇಡ ಅಂದರು ಸೆವ್ರಿನ್ ಮೇಡಂ.

ದಮಾಮಿಗೆ ಹೋಗುವವರು ಎರಡನೆಯದಕ್ಕೇ ಸಾಲು ನಿಲ್ಲುವರು,
ಮೊದಲನೆಯದು ಖಾಲಿ ಇದ್ದರೂ.
ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆ, ಮೇಲೆ ಮಾರ್ಕರಿನಲ್ಲಿ ಹೆಸರು,
ಮೂಲೆಯ ತೂತಿನಿಂದ ಒಣಮೀನಿನ ವಾಸನೆ.
‘ಅಣ್ಣಾ, ಒಂತೆ ತೂಲೆ’ ಎನ್ನಬೇಕಾಗಿಯೂ ಇರಲಿಲ್ಲ,
ತಕ್ಕಡಿಯೇ ನೋಡಿಕೊಳ್ಳುತ್ತಿತ್ತು.

ಹಾಗಂತ ನಾವೇನೂ ದೇವರಂಥವರಲ್ಲ.
ರಾತ್ರಿ ಎರಡರ ವಿಮಾನ ಬೆಳಿಗ್ಗೆ ಒಂಬತ್ತಕ್ಕೆ ಹೊರಟದ್ದುಂಟು.
ಅಂಥದೊಂದು ರಾತ್ರಿ ಬಾಣಂತಿಯೊಬ್ಬಳು
ಮಗುವಿನ ಬಾಟ್ಲಿ ಹಿಡಿದು ಬಿಸಿನೀರು ಕೇಳಿದಾಗ
ಕ್ಯಾಂಟೀನು ಮುಚ್ಚಿದೆ ಎಂದವ ನಾನು.
ಕೀಲಿ ನನ್ನ ಕಿಸೆಯಲ್ಲೇ ಇತ್ತು.

ಕಂಪೆನಿ ಮಾರಿದ ಸುದ್ದಿ ಬಂದ ದಿನ
ಲೋಡರ್ ಬೂಬ ಟೀವಿಯ ಕೆಳಗೆ ನಿಂತು ಕೇಳಿದ:
ಇಷ್ಟು ಸಾವಿರ ಕೋಟಿ ನಷ್ಟ ಅಂತ ಹೇಳ್ತಾರಲ್ಲ,
ಅದರಲ್ಲಿ ನಮ್ಮ ಕಿಲೋದ್ದು ಎಷ್ಟಾಗ್ತದೆ ಮಾರಾಯ್ರೆ?
ಯಾರೂ ನಗಲಿಲ್ಲ. ಮೇಡಂ
ಬೋರ್ಡಿಂಗ್ ಪಾಸಿನ ಹಿಂದೆ ಗುಣಿಸತೊಡಗಿದರು,
ಹತ್ತೊಂಬತ್ತು ವರ್ಷ, ವಾರಕ್ಕೆ ಐದು ವಿಮಾನ,
ಅರ್ಧಕ್ಕೆ ನಿಲ್ಲಿಸಿ ಅದನ್ನು ಚೂರು ಚೂರು ಹರಿದು
ತಣ್ಣಗಾದ ಚಹಾದೊಳಗೆ ಹಾಕಿದರು.

ಆಮೇಲೆ ಬಂದವರು ಒಳ್ಳೆಯವರೇ.
ಹೆಸರು ಹಿಡಿದು ಕರೆದರು. ಎ.ಸಿ. ಸರಿಮಾಡಿಸಿದರು.
ಕುರ್ಚಿಗೆ ಸ್ಟಿಕ್ಕರು, ಕಪಾಟಿಗೆ ಸ್ಟಿಕ್ಕರು,
ಇಸವಿ ಮುಗಿದ ಕ್ಯಾಲೆಂಡರಿಗೂ ಒಂದು ನಂಬರು.
ನಮಗೆ ಒಂದು ಫಾರಮು, ‘ಸ್ವಇಚ್ಛೆಯಿಂದ’ ಎಂದು ಅಚ್ಚಾದದ್ದು.
ಸ್ವಇಚ್ಛೆಗೆ ಕೊನೆಯ ದಿನಾಂಕ ಮೂವತ್ತು.
ಬೂಬ ಗುತ್ತಿಗೆಯವ,
ಅವನ ಇಚ್ಛೆಯನ್ನು ಯಾರೂ ಕೇಳಲಿಲ್ಲ.

ಮತ್ತೆ ಒಬ್ಬ ಹುಡುಗ ಬಂದ,
ಪೆಟ್ಟಿಗೆಯಲ್ಲಿ ಮಿರಿಮಿರಿ ಹೊಳೆಯುವ ತೂಕದ ಬಟ್ಟುಗಳು.
ಕುಕ್ಕರಗಾಲಲ್ಲಿ ಕೂತು ಏನೋ ಒತ್ತಿದ, ಏನೋ ತಿರುಗಿಸಿದ.
ಹತ್ತು ನಿಮಿಷ ಕೂಡ ಇಲ್ಲ.
ಸೊನ್ನೆ.
ಇಷ್ಟೇಯಾ, ಅಂದೆ.
ಇಷ್ಟೇ ಸರ್, ಅಂದ.

ನನ್ನ ಕಡೆಯ ಪಾಳಿ. ಮೂಲ್ಕಿಯ ಕಡೆಯ ಹುಡುಗ,
ಮೊದಲ ಸಲ ಹೋಗುವವ, ಮೊದಲನೇ ಕೌಂಟರು ದಾಟಿ
ನೇರ ಎರಡನೆಯದಕ್ಕೆ ಬಂದ.
ಮೂವತ್ತೊಂದು.
ಒಂದು ಕಿಲೋ ಹೆಚ್ಚಾಯ್ತು, ದುಡ್ಡು ಕಟ್ತೀರಾ, ತೆಗೀತೀರಾ ಸರ್?
ಹೊಸ ಹುಡುಗಿ ಎಷ್ಟು ಮರ್ಯಾದೆಯಿಂದ ಕೇಳಿದಳು!
ಮಾವ ಹೇಳಿದ್ದರು, ಎರಡನೆಯದಕ್ಕೇ ಹೋಗು ಅಂತ,
ಎಂದ ಅವನು, ನನ್ನ ಕಡೆಗೆ ನೋಡಿ.

ಕತ್ತರಿ ಇರಲಿಲ್ಲ. ಕಿಸೆಯ ಕೀಲಿಯ ಹಲ್ಲಿನಿಂದ
ಹಗ್ಗ ಉಜ್ಜಿ ಉಜ್ಜಿ ಕೊಯ್ದೆ.
ಪೇಪರು ಸುತ್ತಿದ ಒಣ ಸೀಗಡಿಯ ಕಟ್ಟೊಂದು ಹೊರಬಂತು.
ಕಳಿಸಲು ಬಂದವರು ಗಾಜಿನ ಆಚೆ ಆಗಲೇ ಹೊರಟುಹೋಗಿದ್ದರು.
ನೀವೇ ಇಟ್ಟುಕೊಳ್ಳಿ, ಅಂದ.

ಸ್ಟೇಟ್‌ಬ್ಯಾಂಕಿನ ಬಸ್ಸಲ್ಲಿ ಅದನ್ನು ತೊಡೆಯ ಮೇಲಿಟ್ಟು ಕೂತೆ.
ವಾಸನೆಗೆ ಪಕ್ಕದವರು ಸೀಟು ಬದಲಿಸಿದರು.
ಕಾವೂರು ದಾಟುವಾಗ ಸುಮ್ಮನೆ ಕೈಯಲ್ಲಿ ಎತ್ತಿ ನೋಡಿದೆ,
ಸಾಮಾನು ಎತ್ತಿಯೇ ಪಳಗಿದ ಕೈ ಇದು,
ಇನ್ನೊಮ್ಮೆ ಎತ್ತಿದೆ.
ಒಂದು ಕಿಲೋ ಎಲ್ಲಿಂದ,
ಮುಕ್ಕಾಲೂ ಇರಲಿಕ್ಕಿಲ್ಲ.