ಕೆಳಗಿನ ಫ್ಯಾನು

ಮಾಪ್ಸಾ ಪೇಟೆಯೊಳಗ ಕೆರಕರ್ ಅಂಗಡಿ.
ಕಟ್ಟಿ ಮ್ಯಾಲ ಎರಡು ಒಣಗಿಸೋ ಮಷಿನ್ನು.
ಒಂದು ಸ್ಟೀಲಿಂದು, ಫ್ಯಾನು ಬೆನ್ನಿಗೆ;
ಇನ್ನೊಂದು ದುಂಡಗ, ಇಡ್ಲಿ ಪಾತ್ರಿ ಹಾಂಗ,
ಫ್ಯಾನು ಬುಡಕ್ಕ.

"ಸ್ಟೀಲಿಂದು ಒಯ್ಯಿರಿ ಬಾಯಾರ, ಒಂದೇ ಸಮ ಒಣಗತದ.
ಟೈಮರ್ ಹಚ್ಚಿ ಮಲಗ್ರಿ, ತಾನೇ ನಿಲ್ಲತದ.
ದುಂಡಂದು ತಾಪತ್ರಯ:
ಕೆಳಗಿನ ತಾಟು ಕರಕು, ಮ್ಯಾಲಿಂದು ಹಸಿ,
ಎರಡು ತಾಸಿಗೊಮ್ಮೆ ಅದಲು ಬದಲು ಮಾಡ್ಬೇಕು."

ಕೋಕಂ ಹಣ್ಣಾಗೋದೂ ಮಳಿ ಬರೋದೂ ಒಂದೇ ವಾರ.
ಹ್ವಾದ ವರ್ಷ ಚಾಪಿ ತುಂಬ ಬೂಸು.
ಅದಕ್ಕ ಮುಂಚೆ ಹನ್ನೆರಡು ದಿನ
ಗದಿಗೆಪ್ಪ ಅಂಗಳದಾಗ ಕುರ್ಚಿ ಹಾಕ್ಕೊಂಡು,
ಎಡಗೈ ತೊಡಿ ಮ್ಯಾಲ ಯಾರದೋ ಗಂಟಿನ ಹಾಂಗ,
ಬಲಗೈಯಾಗ ಬಿದಿರ ಕೋಲು,
ಕಾಗಿಗೋಳಿಗೆ
"ಮುಂದ ಹೋಗ್ರಿ, ಮುಂದ ಹೋಗ್ರಿ" ಅಂತಿದ್ದ.
ಮೂವತ್ತು ವರ್ಷ ಬಸ್ಸಿನ್ಯಾಗ ಅಂದ ಮಾತು,
ತೊದಲಿದರೂ ಕಾಗಿ ಹೋಗತಿದ್ವು.

ತಾನೇ ನಿಲ್ಲೋ ಮಷಿನ್ನಿಗೆ ಕಂಡಕ್ಟರ್ ಯಾಕ?

"ದುಂಡಂದೇ ಕಟ್ಟಿಕೊಡ್ರಿ," ಅಂದೆ.
ಕೆರಕರ್ ನನ್ನ ಮಾರಿ ನೋಡಿದ,
ರೊಕ್ಕ ಸಾಲದೇನೋ ಅಂತ ತಿಳಿದು
ನೂರು ಬಿಟ್ಟ.

ತಾಟು ಒಂದೊಂದಾಗಿ ಎತ್ತಿ ನೋಡಿದೆ,
ಒಂದೇ ಕೈಲೆ.